ಗುಮ್ಮಟದ ಊರಿನ ನೀರಿನ ಲೆಕ್ಕ

ವಿಜಯಪುರಕ್ಕೆ ಬರುವ ಪ್ರವಾಸಿಗರು ತಲೆ ಎತ್ತಿಕೊಂಡೇ ಊರು ಹೊಗುತ್ತಾರೆ. ಅವರನ್ನು ಅನ್ನುವಂತಿಲ್ಲ. ರೈಲು ನಿಲ್ದಾಣದಿಂದ ಹೊರಬಿದ್ದರೆ ಸಾಕು, ಗೋಳಗುಮ್ಮಟ ಎದುರಿಗೇ ನಿಂತಿರುತ್ತದೆ. ನಾನು ನೀರು ಸರಬರಾಜಿನ ಕೆಲಸದಲ್ಲಿ ಓವರಸಿಯರ್ ಆಗಿ ಸೇರಿ, ಎಂಜಿನಿಯರ್ ಆಗಿ ನಿವೃತ್ತನಾದವನು. ನಮ್ಮಂಥವರ ಕಣ್ಣು ನೆಲ ಬಿಟ್ಟು ಏಳುವುದಿಲ್ಲ. ಎಲ್ಲಿ ಏರು, ಎಲ್ಲಿ ಇಳುಕಲು, ಪೈಪು ಎಲ್ಲಿ ಹಾಯ್ದಿದೆ, ಎಲ್ಲಿ ಸೋರುತ್ತಿದೆ ಎಂಬುದೇ ಧ್ಯಾನ. ಈ ಊರಿನ ಇತಿಹಾಸಕ್ಕೂ ನಾನು ಆ ದಾರಿಯಿಂದಲೇ ಬಂದೆ. ಆದಿಲಶಾಹಿಗಳ ವಂಶಾವಳಿ ಬಾಯಿಪಾಠ ಆದದ್ದು ಬಹಳ ತಡವಾಗಿ. ಅದಕ್ಕಿಂತ ಮೊದಲೇ ತಲೆಯಲ್ಲಿ ಕೂತಿದ್ದ ಪ್ರಶ್ನೆ ಬೇರೆ: ಹೊಳೆಯೊಂದೂ ಹತ್ತಿರವಿಲ್ಲದ ಈ ದಿಬ್ಬದ ಮೇಲೆ ಇಷ್ಟು ದೊಡ್ಡ ರಾಜಧಾನಿಗೆ ನೀರು ಕೊಟ್ಟವರು ಯಾರು, ಹೇಗೆ ಕೊಟ್ಟರು?

ನಕಾಶೆ ಹಾಸಿಕೊಂಡು ನೋಡಿ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಎರಡೂ ಊರಿನಿಂದ ದೂರ, ಎರಡೂ ಊರಿಗಿಂತ ತಗ್ಗಿನಲ್ಲಿ. ನಡುವೆ ಡೋಣಿ ಹರಿಯುತ್ತದೆ ಖರೆ, ಆದರೆ ಅದರ ನೀರು ಉಪ್ಪು. ಡೋಣಿ ದಂಡೆಯ ಎರಿಹೊಲಕ್ಕೆ ಬಿಳಿಜೋಳದ ಹೆಸರಿದೆ, ಕುಡಿಯುವ ನೀರಿನ ಹೆಸರಿಲ್ಲ. ಊರು ಕೂತಿರುವುದು ಕರಿಗಲ್ಲಿನ ಮೇಲೆ. ಈ ಕಲ್ಲಿನ ಮೈ ನೀರು ಕುಡಿಯುವುದಿಲ್ಲ. ನೀರು ಸಿಕ್ಕರೆ ಬಿರುಕಿನಲ್ಲಿ ಸಿಗಬೇಕು, ಇಲ್ಲವೇ ಕಲ್ಲಿನ ಎರಡು ಪದರಗಳ ಸಂದಿಯಲ್ಲಿ. ಇಲ್ಲಿ ನಗರ ಕಟ್ಟಬಹುದು ಎಂದು ಬುದ್ಧಿ ನೆಟ್ಟಗಿರುವ ಯಾವ ಎಂಜಿನಿಯರನೂ ವರದಿ ಬರೆಯುವುದಿಲ್ಲ. ರಾಜರು ನಮ್ಮ ವರದಿ ಓದಿ ಊರು ಕಟ್ಟುವುದಿಲ್ಲ, ಆ ಮಾತು ಬೇರೆ.

ಆದಿಲಶಾಹಿಗಳಿಗಿಂತ ಮುಂಚಿನ ಊರನ್ನು ನೋಡಬೇಕೆಂದರೆ ಅರಕಿಲ್ಲೆಗೆ ಹೋಗಬೇಕು. ಕೋಟೆಯೊಳಗಿನ ಈ ಒಳಕೋಟೆಯಲ್ಲಿ ಕರೀಮುದ್ದೀನ್ ಮಸೀದಿ ಎಂಬುದೊಂದಿದೆ, 1320ರದು. ಒಳಗೆ ಕಾಲಿಟ್ಟರೆ ಚಾಲುಕ್ಯ ಕಾಲದ ಗುಡಿಗೆ ಬಂದೆವೇನೋ ಅನಿಸುತ್ತದೆ, ಯಾಕೆಂದರೆ ಕಂಬಗಳೆಲ್ಲ ಗುಡಿಯವೇ. ಕಟ್ಟಿಸಿದವನು ದೆಹಲಿ ಸುಲ್ತಾನರ ಕಡೆಯ ಅಧಿಕಾರಿ ಕರೀಮುದ್ದೀನ್. ಕಟ್ಟಿದವನು ಸಾಲೋಟಗಿಯ ರೇವಯ್ಯ ಎಂದು ಅಲ್ಲಿಯ ನಾಗರಿ ಲಿಪಿಯ ಶಾಸನ ಹೇಳುತ್ತದೆ. ಸಾಲೋಟಗಿ ನಮ್ಮ ಇಂಡಿ ತಾಲೂಕಿನ ಊರು. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿದುಕೊಂಡು ಓದುತ್ತಿದ್ದ ಶಾಲೆಯೊಂದು ರಾಷ್ಟ್ರಕೂಟರ ಕಾಲದಲ್ಲೇ ಅಲ್ಲಿತ್ತು ಎನ್ನುವುದಕ್ಕೆ 945ರ ಶಾಸನವಿದೆ. ಅಂಥ ಊರಿನ ಕಸಬುದಾರ, ಗುಡಿಯ ಕಂಬ ತಂದು, ಮಸೀದಿ ಎಬ್ಬಿಸಿ, ಹೆಸರು ಕೊರೆದು ಹೋದ. ಆಗ ಊರಿನ ಗಾತ್ರ ಇಷ್ಟೇ, ಅರಕಿಲ್ಲೆಯ ಸುತ್ತಳತೆಯಷ್ಟು. ಅಷ್ಟಕ್ಕೆ ನಾಲ್ಕಾರು ಸೇದುಬಾವಿ ಸಾಕು.

1489-90ರ ಹೊತ್ತಿಗೆ ಬಹಮನಿ ಸರದಾರ ಯೂಸುಫ್ ಆದಿಲ್ ಖಾನ್ ತನ್ನದೇ ಗದ್ದುಗೆ ಹಾಕಿಕೊಂಡ. ಅವನು, ಅವನ ಮಗ, ಮೊಮ್ಮಗ, ಎಲ್ಲರೂ ಹೆಚ್ಚಿನ ಆಯುಷ್ಯ ಕುದುರೆಯ ಮೇಲೆ ಕಳೆದರು. ಊರಿಗೆ ಮೈ ಬಂದದ್ದು ನಾಲ್ಕನೆಯ ತಲೆಮಾರಿನ ಒಂದನೇ ಅಲಿ ಆದಿಲಶಾಹನ ಕಾಲಕ್ಕೆ, ಅಂದರೆ 1558ರಿಂದ 1580. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಬಯಲಲ್ಲಿ ವಿಜಯನಗರ ಸೋತಿತು. ಗೆದ್ದವರಲ್ಲಿ ಒಬ್ಬನಾದ ಅಲಿಯ ಬೊಕ್ಕಸ ತುಂಬಿತು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಎದ್ದಿತು. ಪಡುವಣಕ್ಕೆ ಮಕ್ಕಾ ದರವಾಜಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಮೂಡಣಕ್ಕೆ ಅಲ್ಲಾಪುರ, ತೆಂಕಣಕ್ಕೆ ಮನಗೂಳಿ ದರವಾಜಾ. ಗೋಡೆ ಕಟ್ಟುವುದು ದೊಡ್ಡ ಮಾತಲ್ಲ. ಕಲ್ಲು ಕಾಲಡಿಯಲ್ಲೇ ಇತ್ತು. ಅಗಳ ತೋಡಿದರೆ ಗೋಡೆಗೆ ಬೇಕಾದ ಕಲ್ಲು ಅದರಲ್ಲೇ ಸಿಗುತ್ತದೆ. ಗೋಡೆಯೊಳಗೆ ಬಂದು ತುಂಬಿಕೊಂಡ ಸೈನಿಕರು, ನೇಕಾರರು, ವ್ಯಾಪಾರಿಗಳು, ಕುದುರೆ, ಆನೆ, ಎತ್ತುಗಳ ದಾಹ ತೀರಿಸುವುದು ದೊಡ್ಡ ಮಾತು.

ಅಲಿ ಅದಕ್ಕೆ ಎರಡು ಕಡೆಯಿಂದ ಕೈ ಹಾಕಿದ. ಶಹಾಪುರ ದರವಾಜಾದ ಹತ್ತಿರ 1579ರಲ್ಲಿ ಚಾಂದ ಬಾವಡಿ ಆಯಿತು. ಹೆಸರು ಅವನ ಹೆಂಡತಿ ಚಾಂದಬೀಬಿಯದು. ಮುಂದೆ ಅಹಮದನಗರದ ಕೋಟೆಯಲ್ಲಿ ನಿಂತು ಅಕ್ಬರನ ಸೈನ್ಯವನ್ನು ತಡೆದವಳು ಅವಳೇ. ಇನ್ನೊಂದು ಕೆಲಸ ಇದಕ್ಕಿಂತ ಹತ್ತು ಪಟ್ಟು ಕಷ್ಟದ್ದು, ಹತ್ತು ಪಟ್ಟು ಕಡಿಮೆ ಜನ ನೋಡಿರುವುದು: ತೊರವಿಯ ಸುರಂಗ.

ತೊರವಿ ಊರಿಗೆ ಪಶ್ಚಿಮದಲ್ಲಿದೆ, ಈಗ ಆಟೋದಲ್ಲಿ ಹೋಗಬಹುದಾದಷ್ಟು ದೂರ. ಕನ್ನಡ ಓದುವವರಿಗೆ ಈ ಹೆಸರು ಹೊಸದಲ್ಲ. ತೊರವೆಯ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿ ರಾಮಾಯಣ ಬರೆದದ್ದು ಇಲ್ಲಿಯೇ. ಎಂಜಿನಿಯರನ ಕಣ್ಣಿಗೆ ಅಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ತೊರವಿಯ ಕಡೆಯ ನೆಲ ಊರಿಗಿಂತ ಎತ್ತರ. ನೀರಿಗೆ ಇಷ್ಟು ಸಿಕ್ಕರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಅಲ್ಲಿ ನೆಲದೊಳಗಿನ ಒರತೆಯನ್ನು ಹಿಡಿದು, ಭೂಮಿಯ ಕೆಳಗೆ ಕಲ್ಲು ಕೊರೆದು, ಹಗುರಾದ ಇಳುಕಲಿನಲ್ಲಿ ಊರಿನವರೆಗೆ ತಂದರು. ಇರಾನಿನವರು ಮರುಭೂಮಿಯಲ್ಲಿ ಮಾಡುತ್ತಿದ್ದ ವಿದ್ಯೆ ಇದು, ಕಾರೇಜ್ ಎನ್ನುತ್ತಾರೆ. ಬೀದರದಲ್ಲೂ ಇದೆ. ಆದಿಲಶಾಹಿಯ ಆಸ್ಥಾನಕ್ಕೆ ಇರಾನಿನಿಂದ ಕವಿಗಳು ಬಂದರು, ಸರದಾರರು ಬಂದರು. ಹೆಸರಿಲ್ಲದ ಸುರಂಗದ ಮೇಸ್ತ್ರಿಗಳೂ ಬಂದಿರಬೇಕು ಎನ್ನುವುದು ನನ್ನ ಊಹೆ.

ಸುರಂಗ ಕೊರೆಯುವವರಿಗೆ ಉಸಿರಾಡಲು ಗಾಳಿ ಬೇಕು, ಒಡೆದ ಕಲ್ಲು ಮೇಲೆತ್ತಲು ದಾರಿ ಬೇಕು, ಆಮೇಲೆ ಹೂಳು ತೆಗೆಯಲು ಇಳಿಯುವ ಜಾಗ ಬೇಕು. ಅದಕ್ಕೆ ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ನೇರ ಕೆಳಗೆ ಕೊರೆದಿದ್ದಾರೆ. ನಾನು ಮೊದಲ ಸಲ ಆ ಸಾಲು ಹುಡುಕಿಕೊಂಡು ಹೋದಾಗ ದಾರಿ ತೋರಿಸಿದವರು ಹೊಲದಲ್ಲಿದ್ದ ಒಬ್ಬ ಹಿರಿಯರು. "ಇದು ಬಾವಿ ಅಲ್ರೀ ಸಾಹೇಬ್ರ" ಅಂದರು. "ನಮ್ಮ ಹೊಲದಾಗ ಒಂದು, ಬಾಜೂ ಹೊಲದಾಗ ಒಂದು, ಅದರ ಬಾಜೂಕೂ ಒಂದು. ಸಾಲ ಹಿಡದ ಊರ ಕಡೆ ಹೊಂಟಾವು. ನಮ್ಮ ಮುತ್ಯಾ ಹೇಳತಿದ್ದ, ಒಳಗ ಕುದರಿ ಹೋಗತಿತ್ತಂತ." ಕುದುರೆ ಹೋಗುತ್ತಿತ್ತೋ ಇಲ್ಲವೋ, ಸಾಲಂತೂ ಊರ ಕಡೆಗೇ ಹೊರಟಿತ್ತು. ನಕಾಶೆಯ ಮೇಲೆ ಚುಕ್ಕಿ ಇಡುತ್ತ ಬಂದರೆ, ಭೂಮಿಯೊಳಗೆ ಕತ್ತಲಲ್ಲಿ ಕೊರೆದವರು ದಿಕ್ಕನ್ನೂ ಮಟ್ಟವನ್ನೂ ಎಷ್ಟು ಹತೋಟಿಯಲ್ಲಿಟ್ಟಿದ್ದರು ಎಂದು ತಿಳಿಯುತ್ತದೆ. ನಮ್ಮ ಕೈಯಲ್ಲಿ ಲೆವೆಲ್ ಯಂತ್ರ ಇದ್ದೂ ಪೈಪು ತಲೆಕೆಳಗಾಗಿ ಇಳುಕಲು ತಗೊಂಡ ಉದಾಹರಣೆಗಳು ನನಗೆ ಗೊತ್ತಿವೆ.

ಅಲಿಯ ನಂತರ ಬಂದ ಎರಡನೇ ಇಬ್ರಾಹಿಂನನ್ನು ನಮ್ಮ ಊರು ಇನ್ನೂ ಮರೆತಿಲ್ಲ. ಒಂಬತ್ತು ವರ್ಷದ ಹುಡುಗನಾಗಿ 1580ರಲ್ಲಿ ಪಟ್ಟಕ್ಕೆ ಬಂದು, 1627ರವರೆಗೆ ಆಳಿದ. ಜಗದ್ಗುರು ಬಾದಶಹಾ ಅಂತ ಜನ ಕರೆದರು. ದಖ್ಖಣಿ ಭಾಷೆಯಲ್ಲಿ ಹಾಡು ಬರೆದು, ಅವುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಸಂಗೀತದ ಹುಚ್ಚು ಎಷ್ಟಿತ್ತೆಂದರೆ 1599ರಲ್ಲಿ ತೊರವಿಯ ಪಕ್ಕದಲ್ಲಿ ನವರಸಪುರ ಎಂಬ ಹೊಸ ರಾಜಧಾನಿಯನ್ನೇ ಶುರುಮಾಡಿದ. ಇದನ್ನು ಕಲಾವಿದನ ಹುಚ್ಚು ಎಂದು ಬರೆದವರೇ ಹೆಚ್ಚು. ನನಗೆ ಹಾಗೆ ಕಾಣುವುದಿಲ್ಲ. ನೀರು ಇದ್ದದ್ದು ತೊರವಿಯ ಕಡೆ. ಊರು ನೀರಿನ ಕಡೆಗೆ ಹೋಗಲು ನೋಡಿತು. ಅದು ಪೂರ್ತಿಯಾಗುವ ಮೊದಲೇ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಹಾಳುಗೆಡವಿದ. ಈಗ ಸಂಗೀತ ಮಹಲಿನ ದೊಡ್ಡ ಕಮಾನು, ಅದರ ಮುಂದೆ ಬತ್ತಿದ ಹೌದು, ಅಂದರೆ ನೀರಿನ ಕೊಳ, ನಿಂತಿವೆ.

ಇಬ್ರಾಹಿಂನ ಕಾಲದ ಪೇಟೆ ಹೇಗಿತ್ತೆಂದು ಹೇಳಲು ಅಕ್ಬರನ ರಾಯಭಾರಿ ಅಸದ್ ಬೇಗ್ ಇದ್ದಾನೆ. 1604ರ ಸುಮಾರಿಗೆ ಬಂದಿದ್ದ ಅವನು, ಅಗಲವಾದ ಉದ್ದನೆಯ ಬಜಾರು, ಪ್ರತಿ ಅಂಗಡಿಯ ಮುಂದೆ ಹಸಿರು ಮರ, ರತ್ನ, ಬಟ್ಟೆ, ಆಯುಧ, ಅತ್ತರು, ಮದ್ಯದ ಅಂಗಡಿಗಳನ್ನು ಬಾಯಿಬಿಟ್ಟು ಬಣ್ಣಿಸುತ್ತಾನೆ. ಅಕ್ಬರನಿಗೆ ಮೊದಲ ಸಲ ಹೊಗೆಸೊಪ್ಪು ಒಯ್ದುಕೊಟ್ಟವನೂ ಇವನೇ, ಒಯ್ದದ್ದು ಈ ಊರಿನಿಂದಲೇ. ಇತಿಹಾಸಕಾರರು ರತ್ನದ ಅಂಗಡಿಗೆ ನಿಲ್ಲುತ್ತಾರೆ. ನಾನು ಹಸಿರು ಮರಕ್ಕೆ ನಿಲ್ಲುತ್ತೇನೆ. ಇದು ವಿಜಯಪುರ. ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಅಂಗಡಿ ಮುಂದಿನ ಮರ ಹಸಿರಾಗಿರಬೇಕೆಂದರೆ ಯಾರೋ ದಿನಾ ನೀರು ಹಾಕಬೇಕು. ಕುಡಿಯಲು ತತ್ವಾರವಿರುವ ಊರಿನವರು ಬೀದಿ ಮರಕ್ಕೆ ನೀರು ಹಾಕುವುದಿಲ್ಲ.

ತಾಜ ಬಾವಡಿ ಈ ಕಾಲದ್ದು, 1620ರದು. ಮಕ್ಕಾ ದರವಾಜಾದಿಂದ ಒಳಗೆ ಬಂದವರಿಗೆ ಮೊದಲು ಸಿಗುವ ದೊಡ್ಡ ನೀರು. ಇಬ್ರಾಹಿಂನ ರಾಣಿ ತಾಜ ಸುಲ್ತಾನಾಳ ಹೆಸರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ. ಒಂದೊಂದು ಬದಿ 223 ಅಡಿ, ಆಳ 52 ಅಡಿ. ಮುಂದೆ 35 ಅಡಿ ಅಗಲದ ಕಮಾನು, ಅದರ ಎರಡೂ ಮಗ್ಗುಲಿಗೆ ಎಂಟುಮೂಲೆಯ ಗೋಪುರ. ಪೂರ್ವ ಪಶ್ಚಿಮಕ್ಕೆ ದಾರಿಹೋಕರು ಇಳಿದುಕೊಳ್ಳುವ ಕೋಣೆಗಳು. ಬಾವಿ ಎನ್ನುವ ಮಾತು ಇದಕ್ಕೆ ಸಣ್ಣದಾಗುತ್ತದೆ. ಇದೊಂದು ಧರ್ಮಶಾಲೆ, ನಡುವೆ ಕೆರೆ. ಪಶ್ಚಿಮದಿಂದ ಬಂದ ವ್ಯಾಪಾರಿ ಎತ್ತುಗಳನ್ನು ಬಿಚ್ಚಿ, ಕಾಲು ತೊಳೆದು, ಕೋಣೆಯಲ್ಲಿ ಗಂಟು ಇಟ್ಟು, ಆಮೇಲೆ ಪೇಟೆಗೆ ಹೋಗುತ್ತಿದ್ದ. ಅದೇ ಮಲಿಕ್ ಸಂದಲ್ ಕೆಲವೇ ವರ್ಷಗಳಲ್ಲಿ ಮಕ್ಕಾ ದರವಾಜಾದ ಹೊರಗೆ ಇಬ್ರಾಹಿಂ ರೋಜಾ ಎಬ್ಬಿಸಿದ. ರಾಣಿಗೆಂದು ಶುರುವಾದ ಗೋರಿಗೆ ರಾಜನೇ ಮೊದಲು ಹೋದ. ಒಂದೂವರೆ ಲಕ್ಷ ಹೊನ್ನಿನ ಮೇಲೆ ಒಂಬೈನೂರು ಖರ್ಚಾಯಿತೆಂದು ಅಲ್ಲಿಯ ಫಾರಸಿ ಶಾಸನದಲ್ಲೇ ಬರೆದಿದೆ. ಸರ್ಕಾರಿ ಕಾಮಗಾರಿಯ ಖರ್ಚು ಗೋಡೆಯ ಮೇಲೆ ಕೆತ್ತಿಸುವ ಧೈರ್ಯ ನಮಗೆ ಇರಲಿಲ್ಲ! ರೋಜಾ ಮತ್ತು ಅದರ ಎದುರಿನ ಮಸೀದಿಯ ನಡುವೆ ಒಂದು ಹೌದು, ಕಾರಂಜಿ. ಚೆಲುವಿನ ಮಾತು ಬಂದರೆ ನನ್ನ ಮತ ಗೋಳಗುಮ್ಮಟಕ್ಕಲ್ಲ, ಇದಕ್ಕೆ.

ದೊಡ್ಡವರ ಹೆಸರಿನ ಈ ಎರಡು ಬಾವಡಿಗಳನ್ನು ಬಿಟ್ಟರೂ ಊರಲ್ಲಿ ಇನ್ನೂ ಇವೆ: ಇಬ್ರಾಹಿಂಪುರ ಬಾವಡಿ, ನಗರ ಬಾವಡಿ, ಮಾಸ ಬಾವಡಿ, ಅಲಿಖಾನ ಬಾವಡಿ, ಲಂಗರ ಬಾವಡಿ, ಅಜಗರ ಬಾವಡಿ. ಓಣಿಗೊಂದು ಎನ್ನುವ ಹಾಗೆ. ಅರಮನೆಯ ಚೈನಿ ಬೇರೆಯದೇ. ಅರಕಿಲ್ಲೆಯ ಸಾತ ಮಂಜಿಲ್‌ಗೆ ಏಳು ಅಂತಸ್ತು ಇದ್ದವಂತೆ, ಈಗ ಐದು. ಅದರ ಗೋಡೆಯೊಳಗೆ ಮೇಲಿನ ಅಂತಸ್ತಿಗೆ ನೀರು ಏರಿಸಿದ ಕೊಳವೆಗಳ ಗುರುತಿವೆ, ಮೇಲೆ ಸ್ನಾನದ ತೊಟ್ಟಿಗಳ ಗುರುತಿವೆ. ಎದುರಿಗೆ ಜಲ ಮಂಜಿಲ್, ಸುತ್ತ ನೀರು ನಿಲ್ಲಿಸಿ ನಡುವೆ ಕೂರಲು ಕಟ್ಟಿದ ಪುಟ್ಟ ಮಂಟಪ. ಈಗ ಅದರ ಮುಂದೆ ರಸ್ತೆ ಇದೆ. ಬಹಳ ಜನ ಅದನ್ನು ಯಾವುದೋ ಗೋರಿ ಎಂದುಕೊಂಡು ದಾಟಿ ಹೋಗುತ್ತಾರೆ.

ಇನ್ನು ನನ್ನ ಕಸಬಿಗೆ ತೀರ ಹತ್ತಿರದ ಮಾತಿಗೆ ಬರುತ್ತೇನೆ. ಇಬ್ರಾಹಿಂನ ಮಗ ಮುಹಮ್ಮದ್ ಆದಿಲಶಾಹನ ಕಾಲಕ್ಕೆ, ಅಂದರೆ 1627ರಿಂದ 1656ರ ನಡುವೆ, ರಾಜ್ಯ ಅತಿ ದೊಡ್ಡದಾಗಿತ್ತು. ಊರಿಗೆ ತೊರವಿಯ ನೀರು ಸಾಲದಾಯಿತು. 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ ಆಯಿತು, ರಾಣಿ ಜಹಾನ್ ಬೇಗಂಳ ನೆನಪಿಗೆ. 234 ಎಕರೆ ಕೆರೆ. ಕೆರೆಯಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು. ಕುಂಬಾರನ ತಿಗರಿಯ ಮೇಲೆ ಮಾಡಿ ಸುಟ್ಟ ಕೊಳವೆ, ಒಂದರ ಬಾಯಿಗೆ ಒಂದು ಕೂಡಿಸಿ, ಸುತ್ತ ಸುಣ್ಣದ ಗಾರೆಯ ಕಟ್ಟಡ ಕಟ್ಟಿ, ನೆಲದಲ್ಲಿ ಹದಿನೈದು ಅಡಿಯಿಂದ ಐವತ್ತು ಅಡಿ ಆಳಕ್ಕೆ ಹೂತಿದ್ದಾರೆ. ಐವತ್ತು ಅಡಿ! ಜೆಸಿಬಿ ಇದ್ದ ಕಾಲದಲ್ಲೂ ನಾವು ಅಷ್ಟು ಆಳದಲ್ಲಿ ಪೈಪು ಹಾಕಲು ಒಪ್ಪುತ್ತಿರಲಿಲ್ಲ.

ಮಣ್ಣಿನ ಕೊಳವೆಗೆ ಒಂದು ದೌರ್ಬಲ್ಯ ಇದೆ. ಒಳಗಿನ ಒತ್ತಡ ಹೆಚ್ಚಾದರೆ ಒಡೆಯುತ್ತದೆ. ಕೆರೆಯಿಂದ ಊರಿನವರೆಗೆ ಒಂದೇ ಕೊಳವೆ ಎಳೆದರೆ, ತಗ್ಗಿನಲ್ಲಿ ಅದು ಮೇಲಿನ ನೀರಿನ ಭಾರವನ್ನೆಲ್ಲ ಹೊರಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ ಗಂಜ್. ದಾರಿಯ ಮಧ್ಯೆ ಅಲ್ಲಲ್ಲಿ ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಚೌಕ ಗೋಪುರ. ಕೆಳಗಿನಿಂದ ಬಂದ ನೀರು ಗೋಪುರದೊಳಗೆ ತಾನಾಗಿಯೇ ಮೇಲೇರುತ್ತದೆ, ಯಾಕೆಂದರೆ ಕೆರೆಯ ಮಟ್ಟ ಇನ್ನೂ ಎತ್ತರದಲ್ಲಿದೆ. ಮೇಲಿನ ತೊಟ್ಟಿಯಲ್ಲಿ ಬಯಲಿಗೆ ಬಂದು ಗಾಳಿ ಕಾಣುತ್ತದೆ. ಅಲ್ಲಿಗೆ ಹಿಂದಿನ ಒತ್ತಡ ಮುಗಿಯಿತು. ಅಲ್ಲಿಂದ ಇನ್ನೊಂದು ಕೊಳವೆಯಲ್ಲಿ ಇಳಿದು ಮುಂದಿನ ಗಂಜ್‌ಗೆ ಹೊರಡುತ್ತದೆ. ನೀರಿನ ಜೊತೆ ಬಂದ ಹೂಳು ಗಂಜ್‌ನಲ್ಲಿ ಕೂರುತ್ತದೆ, ಕೊಳವೆಯಲ್ಲಲ್ಲ. ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ. ಎಲ್ಲಾದರೂ ಕಟ್ಟಿಕೊಂಡರೆ ಇಡೀ ಸಾಲು ಅಗೆಯಬೇಕಿಲ್ಲ. ಈ ಗಂಜ್‌ನಲ್ಲಿ ನೀರಿದೆ, ಮುಂದಿನದರಲ್ಲಿ ಇಲ್ಲ ಎಂದರೆ ರೋಗ ಇವೆರಡರ ನಡುವೆ. ನಾವು ಕಾಲೇಜಿನಲ್ಲಿ ಒತ್ತಡ ಇಳಿಸುವ ತೊಟ್ಟಿ, ಗಾಳಿ ವಾಲ್ವ್, ಹೂಳು ಗುಂಡಿ ಎಂದು ಮೂರು ಅಧ್ಯಾಯ ಓದಿದೆವು. ಅವರು ಮೂರನ್ನೂ ಒಂದೇ ಗೋಪುರದಲ್ಲಿ ಮುಗಿಸಿದ್ದಾರೆ. ನನ್ನನ್ನು ಕೇಳಿದರೆ ಆ ಕಾಲದ ಅತಿ ದೊಡ್ಡ ಕಟ್ಟಡ ಗೋಳಗುಮ್ಮಟ, ಅತಿ ಜಾಣ ಕಟ್ಟಡ ಗಂಜ್.

ಈ ನೀರಿನ ಒಂದು ದೊಡ್ಡ ಪಾಲು ಆಸಾರ ಮಹಲಿನ ಮುಂದಿನ ಹೌದಿಗೆ ಬರುತ್ತಿತ್ತು. 1646ರಲ್ಲಿ ನ್ಯಾಯದ ಕಚೇರಿಯಾಗಿ ಎದ್ದ ಮಹಲು ಅದು. ಆಮೇಲೆ ಪ್ರವಾದಿಯವರ ಕೂದಲನ್ನು ಅಲ್ಲಿ ಇಟ್ಟದ್ದರಿಂದ ಪೂಜ್ಯವಾಯಿತು. ಹೌದಿನ ಆಳ ಹದಿನೈದು ಅಡಿ. ಇನ್ನು ಅರಕಿಲ್ಲೆಯ ಖಂದಕದ ನೀರಿನಲ್ಲಿ ಮೊಸಳೆಗಳಿದ್ದವು ಎಂದು ಫ್ರೆಂಚ್ ವಜ್ರವ್ಯಾಪಾರಿ ಟವರ್ನಿಯೆ ಬರೆದಿದ್ದಾನೆ. ಆ ಮಹಾಶಯನಿಗೆ ಊರಲ್ಲಿ ನೋಡುವಂಥ ಕಟ್ಟಡವೇ ಕಾಣಲಿಲ್ಲವಂತೆ, ಮೊಸಳೆ ಮಾತ್ರ ಕಂಡವು.

ಗೋಳಗುಮ್ಮಟದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. ಹೊರವ್ಯಾಸ 44 ಮೀಟರ್, ಒಳಗೆ ಕಂಬವಿಲ್ಲದ ನೆಲ 18 ಸಾವಿರ ಚದರ ಅಡಿಗೂ ಮಿಕ್ಕು, ಪಿಸುಮಾತಿನ ಗ್ಯಾಲರಿ, ಒಂದಕ್ಕೆ ಏಳೆಂಟು ಮರುದನಿ. ಒಳಗೆ ಮುಹಮ್ಮದ್, ಅವನ ಹೆಂಡತಿಯರು, ನರ್ತಕಿ ರಂಭಾ ಮಲಗಿದ್ದಾರೆ. ತೆಂಕಣ ಬಾಗಿಲಿನ ಮೇಲೆ ಸರಪಳಿಯಲ್ಲಿ ಉಲ್ಕೆಯ ಕಲ್ಲೊಂದು ತೂಗುತ್ತಿದೆ, ಸಿಡಿಲು ಬಡಿಯದಿರಲೆಂದು ಕಟ್ಟಿದ್ದಂತೆ. ನಾನು ಸೇರಿಸುವ ಮಾತು ಒಂದೇ. ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ್ದು. ಇಟ್ಟಿಗೆಯ ಮಣ್ಣು ಕಲಸಲು ನೀರು, ಸುಣ್ಣ ಅರಳಿಸಲು ನೀರು, ಗಾರೆ ಅರೆಯಲು ನೀರು, ಕಟ್ಟಿದ ಮೇಲೆ ಬಿರುಕು ಬಿಡದಂತೆ ವಾರಗಟ್ಟಲೆ ಹಸಿ ಇಡಲು ನೀರು. ಬೇಗಂ ತಾಲಾಬ 1651ರದು, ಗುಮ್ಮಟದ ಬಾಗಿಲ ಮೇಲಿನ ಲೆಕ್ಕದಂತೆ ರಾಜ ತೀರಿಕೊಂಡದ್ದು 1656. ಒಂದೇ ರಾಜನ ಕಾಲದಲ್ಲಿ ಇವೆರಡೂ ಆದದ್ದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ.

ನೀರು ಈ ಊರನ್ನು ಕಾಯ್ದದ್ದೂ ಉಂಟು. 1665ರ ಕೊನೆಗೆ ಮೊಗಲರ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ಊರಿಗೆ ಹತ್ತು ಹನ್ನೆರಡು ಮೈಲಿ ಹತ್ತಿರ ಬಂದ. ಎರಡನೇ ಅಲಿ ಆದಿಲಶಾಹ ಸುತ್ತಲಿನ ಕೆರೆಗಳನ್ನು ಒಡೆಸಿದ, ಬಾವಿಗಳನ್ನು ಮುಚ್ಚಿಸಿದ, ಮರ ಕಡಿಸಿದ, ಬೆಳೆ ಸುಡಿಸಿದ. ಕೋಟೆಯೊಳಗೆ ಬಾವಡಿ ತುಂಬಿದ್ದವು, ಹೊರಗೆ ಹನಿ ಇರಲಿಲ್ಲ. ಜಯಸಿಂಹ ಕೆಲವೇ ದಿನ ನಿಂತು, 1666ರ ಜನವರಿಯಲ್ಲಿ ಬಂದ ದಾರಿ ಹಿಡಿದ. ಮುಲ್ಕ್ ಮೈದಾನ ತೋಪಿಗಿಂತ ಒಣಗಿದ ಬಾವಿಗಳೇ ಅವತ್ತು ಹೆಚ್ಚು ಕೆಲಸ ಮಾಡಿದವು. ತೋಪಿನದೂ ಸಾಮಾನ್ಯ ಕಥೆಯಲ್ಲ. ಅಹಮದನಗರದಲ್ಲಿ 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ನಿನ ತೋಪು. ಅದನ್ನು ಹಾರಿಸಿ ತೋಪಿನವನು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗು ಹಾಕುತ್ತಿದ್ದ ಎಂದು ಗೈಡುಗಳು ಈಗಲೂ ಹೇಳುತ್ತಾರೆ. ತೊಟ್ಟಿಯಂತೂ ಅಲ್ಲಿದೆ.

ಎರಡನೇ ಸಲ ಉಪಾಯ ನಡೆಯಲಿಲ್ಲ. 1685ರಲ್ಲಿ ಮೊಗಲರ ಮುತ್ತಿಗೆ ಶುರುವಾಗಿ ಒಂದು ವರ್ಷ ದಾಟಿತು. ಮಳೆ ಕೈಕೊಟ್ಟಿತು, ಒಳಗೂ ಹೊರಗೂ ಕಾಳಿಲ್ಲ. ಆದರೆ ಹೊರಗಿನವರಿಗೆ ದೂರದಿಂದ ದವಸ ಬರುತ್ತಿತ್ತು, ಒಳಗಿನವರಿಗೆ ಬರುತ್ತಿರಲಿಲ್ಲ. ಕೊನೆಗೆ ಔರಂಗಜೇಬನೇ ಬಂದು ಕೂತ. 1686ರ ಸೆಪ್ಟೆಂಬರಿನಲ್ಲಿ ಹದಿನೆಂಟರ ಹುಡುಗ ಸಿಕಂದರ ಆದಿಲಶಾಹ ಶರಣಾದ. ಮನಗೂಳಿ ದರವಾಜಾ ಅಂದಿನಿಂದ ಫತೇ ದರವಾಜಾ ಆಯಿತು. ಎರಡನೇ ಅಲಿಯ ಗೋರಿ ಬಾರಾ ಕಮಾನ್ 1672ರಲ್ಲಿ ಎಷ್ಟು ಎದ್ದಿತ್ತೋ ಅಷ್ಟಕ್ಕೇ ನಿಂತಿತ್ತು, ಇನ್ನು ಮೇಲೆ ಏಳುವ ಮಾತಿರಲಿಲ್ಲ. ಹಿಂದೆಯೇ ಪ್ಲೇಗು ಬಂತು. ಔರಂಗಜೇಬನ ಹೆಂಡತಿ ಔರಂಗಾಬಾದಿ ಮಹಲ್ ಕೂಡ ಇಲ್ಲಿಯೇ ತೀರಿಕೊಂಡಳು.

ಊರು ಹಾಳಾದದ್ದು ಮುತ್ತಿಗೆಯಿಂದ ಎಂದು ಪುಸ್ತಕಗಳು ಹೇಳುತ್ತವೆ. ನನ್ನ ಲೆಕ್ಕ ಸ್ವಲ್ಪ ಬೇರೆ. ಮೊಗಲರು ಗೋಡೆ ಕೆಡವಲಿಲ್ಲ, ಕೊಳವೆ ಕೀಳಲಿಲ್ಲ. ಆದರೆ ಸುರಂಗಕ್ಕೆ ಇಳಿದು ಹೂಳು ತೆಗೆಯುವವನಿಗೆ ಪಗಾರ ಕೊಡುವ ದರ್ಬಾರು ಇಲ್ಲವಾಯಿತು. ಗಂಜ್‌ನ ಹೂಳು ಎತ್ತದಿದ್ದರೆ ಮೊದಲು ತೊಟ್ಟಿ ತುಂಬುತ್ತದೆ, ಆಮೇಲೆ ಕೊಳವೆ. ಕೊಳವೆ ಕಟ್ಟಿದರೆ ಐವತ್ತು ಅಡಿ ಆಳ ಅಗೆದು ಯಾರು ನೋಡುತ್ತಾರೆ? ಆಳದಲ್ಲಿ ಹೂತದ್ದರಿಂದ ಅದು ಇಷ್ಟು ಕಾಲ ಉಳಿಯಿತು, ಆಳದಲ್ಲಿ ಹೂತದ್ದರಿಂದಲೇ ದುರಸ್ತಿಗೆ ಸಿಗದೆ ಹೋಯಿತು. ನೀರು ನಿಂತ ಓಣಿಯ ಜನ ನೀರಿರುವ ಓಣಿಗೆ ಹೋದರು, ಅಲ್ಲಿಂದ ಬೇರೆ ಊರಿಗೆ.

ಆಮೇಲೆ ನಿಜಾಮ, 1760ರಿಂದ ಪೇಶ್ವೆ, 1818ರಿಂದ ಸಾತಾರದ ರಾಜ, 1848ರಿಂದ ಇಂಗ್ಲಿಷರು. ಊರಿನ ಬೆಲೆ ಎಲ್ಲಿಗೆ ಇಳಿದಿತ್ತೆಂದರೆ 1854ರಲ್ಲಿ ನಿರುಪಯೋಗಿ ಸರಕಾರಿ ಸಾಮಾನು ಮಾರಿಬಿಡಿ ಎಂದು ಮೇಲಿನಿಂದ ಹುಕುಂ ಬಂತು. ಮುಲ್ಕ್ ಮೈದಾನವನ್ನು ಲಿಲಾವಿಗೆ ಇಟ್ಟರು. ಹೆಚ್ಚೆಂದರೆ 150 ರೂಪಾಯಿ ಬಂತು. ಜನ ಆ ತೋಪಿಗೆ ಕೈಮುಗಿಯುತ್ತಾರೆಂದು ಬಲ್ಲ ಮಾಮಲೇದಾರ, ಬೆಲೆ ತೀರ ಕಡಿಮೆ ಎಂದು ಬರೆದು ಕಳಿಸಿದ್ದರಿಂದ ಮಾರಾಟ ನಿಂತಿತು. ನೌಕರಿ ಮಾಡಿದವನಾಗಿ ಹೇಳುತ್ತೇನೆ, ಆ ಷರಾ ಬರೆದ ಕೈಗೆ ನನ್ನ ನಮಸ್ಕಾರ. 1884ರಲ್ಲಿ ರೈಲು ಬಂತು. 1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ಮಹಲುಗಳಲ್ಲಿ ಕಚೇರಿ, ಗೋಳಗುಮ್ಮಟದ ಪಕ್ಕದ ಮಸೀದಿಯಲ್ಲಿ ಸಾಹೇಬರು ಇಳಿದುಕೊಳ್ಳುವ ಬಂಗಲೆ. ಲಾರ್ಡ್ ಕರ್ಜನ್ ಸಿಟ್ಟಾಗಿ ಅದನ್ನು ಬಿಡಿಸಿದ. ಕುಡಿಯುವ ನೀರಿಗೆ ಭೂತನಾಳ ಕೆರೆ ಆಯಿತು. ಈಗ ಕೃಷ್ಣೆಯ ನೀರು ಕೊಲ್ಹಾರದಿಂದ ಬರುತ್ತದೆ, ಪಂಪಿನ ಮೇಲೆ. ಅವರು ನೀರನ್ನು ಇಳಿಸಿಕೊಂಡು ತಂದರು, ನಾವು ಏರಿಸಿಕೊಂಡು ತರುತ್ತೇವೆ. ಕರೆಂಟು ಹೋದರೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು: "ಸಾಹೇಬ್ರ, ನೀರ ಯಾವಾಗ ಬಿಡ್ತೀರಿ?"

ತಾಜ ಬಾವಡಿ ನಮ್ಮ ಕಣ್ಣೆದುರೇ ಕೆಟ್ಟಿತು. ಬಟ್ಟೆ ಒಗೆದೆವು, ಕಸ ಚೆಲ್ಲಿದೆವು, ಗಣಪತಿ ಮುಳುಗಿಸಿದೆವು. ಕೆಲವು ವರ್ಷಗಳ ಹಿಂದೆ ಹೂಳು ಎತ್ತಿಸಿದಾಗ ಲಾರಿಗಟ್ಟಲೆ ರಾಡಿ ಬಂತು, ಕೆಳಗಿನ ಮೆಟ್ಟಿಲುಗಳು ಕಂಡವು, ನೀರು ಮತ್ತೆ ಒಸರಿತು. ಆ ಹಳೆಯ ಸುರಂಗದ ಭಾಗವಾದ, ತೊರವಿ ದಾರಿಯ ಸುರಂಗ ಬಾವಡಿಗೂ ಅದೃಷ್ಟ ತಿರುಗಿದೆ. ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳತ್ತ ಗಮನ ಸೆಳೆಯಲು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಪ್ರಕಟಿಸಿದ 2020ರ ಪಟ್ಟಿಯ 25 ಜಾಗಗಳಲ್ಲಿ ಅದೂ ಒಂದು. ಸಂತೋಷ. ಆದರೆ ಕಲ್ಲು ಕೂಡಿಸಿ, ಬೇಲಿ ಹಾಕಿ, ಫಲಕ ನೆಟ್ಟರೆ ಸುರಂಗಕ್ಕೆ ನೀರು ಬರುವುದಿಲ್ಲ. ಅದು ನೆಲದೊಳಗಿನ ನೀರಿನ ಮಟ್ಟ ಸುರಂಗಕ್ಕಿಂತ ಮೇಲೆ ಇದ್ದಾಗ ಮಾತ್ರ ಹರಿಯುವ ಯಂತ್ರ. ಆ ದಾರಿಯ ಅಕ್ಕಪಕ್ಕದ ದ್ರಾಕ್ಷಿ ತೋಟಗಳ ಬೋರುಗಳು ಅದಕ್ಕಿಂತ ಎಷ್ಟೋ ಕೆಳಗಿನ ನೀರನ್ನು ಎಳೆಯುತ್ತಿವೆ. ತೋಟದವರನ್ನು ಬೈದು ಪ್ರಯೋಜನವಿಲ್ಲ, ಅವರಿಗೂ ಸಾಲ ಇದೆ. ತೊರವಿಯ ಮೇಲ್ಮಗ್ಗುಲ ಹಳ್ಳಗಳಿಗೆ ಸಾಲಾಗಿ ಒಡ್ಡು ಹಾಕಿ, ಮಳೆನೀರು ಅಲ್ಲಿಯೇ ಇಂಗುವಂತೆ ಮಾಡಬೇಕು. ಸ್ಮಾರಕದ ದುರಸ್ತಿಗೆ ಬಂದ ರೊಕ್ಕದಲ್ಲಿ ಒಂದು ಪಾಲನ್ನಾದರೂ ಸ್ಮಾರಕದಿಂದ ಮೂರು ಕಿಲೋಮೀಟರ್ ಆಚೆ ಖರ್ಚು ಮಾಡಬೇಕು. ಹೀಗೆಂದು ಸಭೆಯೊಂದರಲ್ಲಿ ಹೇಳಿದೆ. ಅಲ್ಲಿ ಕೂತಿದ್ದ ಅಧಿಕಾರಿ ನಕ್ಕು, ಸ್ಮಾರಕದ ಎಲ್ಲೆಯ ಹೊರಗೆ ಖರ್ಚು ಹಾಕಲು ನಿಯಮದಲ್ಲಿ ಅವಕಾಶ ಇಲ್ಲ ಅಂದರು. ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದೆ. ನಕಾಶೆ ಬಿಡಿಸಿ ತೋರಿಸಿದರು: ಬಾವಡಿಯ ಸುತ್ತ ಒಂದು ಕೆಂಪು ಚೌಕ. ಸುರಂಗದ ಗೆರೆ ಆ ಚೌಕದಿಂದ ಹೊರಬಿದ್ದು, ನಕಾಶೆಯ ಅಂಚಿನವರೆಗೂ ಹೋಗಿತ್ತು.